ಹರಳಿನ ಅಂಚಿನಲ್ಲಿದ್ದ ನಂಬರು

ಭಾವನ ವರ್ಷದ ತಿಥಿಯ ದಿನ ವಡೆ ತಟ್ಟಲು ಕೂರುವ ಮುಂಚೆ ನಾನೂ ಅಕ್ಕನೂ ಉಂಗುರ ಬಿಚ್ಚಿ ಒಂದೇ ಬಟ್ಟಲಿಗೆ ಹಾಕಿದ್ದೆವು. ಎರಡೂ ಒಂದೇ ಅಚ್ಚಿನವು. ಭಾವ ಮೈಸೂರಿನಲ್ಲಿ ಅಕ್ಕನಿಗೆ ಒಂಟಿ ವಜ್ರದ ಉಂಗುರ ಕೊಂಡಾಗ ಅಮ್ಮ ಆಸೆಪಟ್ಟು ನನಗೂ ಅಂಥದ್ದೇ ಕೊಡಿಸಿದ್ದಳು.

ನಾನು ಬಿಟ್ಟಂಗಾಲಕ್ಕೆ ಮರಳಿದ ಮಾರನೆಯ ದಿನವೇ ಕುಶಾಲನಗರದಿಂದ ಅಕ್ಕನ ಫೋನು.

"ಉಂಗುರ ಅದಲುಬದಲಾಗಿದೆ ಕಣೆ. ಇದು ನಂದಲ್ಲ."

"ಹೆಂಗೆ ಹೇಳ್ತೀಯ?"

"ಗೊತ್ತಾಗುತ್ತಲ್ಲ, ಬೆರಳಿಗೆ."

ಅಂದಿನಿಂದ ನನಗೂ ನೆಮ್ಮದಿಯಿಲ್ಲ. ಪಾತ್ರೆ ತೊಳೆಯುವಾಗ, ಕಾಳುಮೆಣಸು ಹರವುವಾಗ ಕಣ್ಣು ಉಂಗುರದ ಮೇಲೆಯೇ. ಸತ್ತವರು ಕೊಟ್ಟದ್ದನ್ನು ತಿಳಿಯದೆ ನಾನು ತೊಟ್ಟುಕೊಂಡಿದ್ದರೆ? ಮುಂದಿನ ವಾರ ಹೋಗಿ ಬದಲಾಯಿಸಿಕೊಂಡು ಬಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಕೆಲವು ದಿನ ಕಳೆದು ಅಕ್ಕ ಮತ್ತೆ ಫೋನು ಮಾಡಿದಳು. ಅಳುತ್ತಿದ್ದಳು.

"ಇದೂ ಅಲ್ಲ ಕಣೆ."

ನನಗೆ ಸಿಟ್ಟೂ ಬಂತು, ಭಯವೂ ಆಯಿತು. ಆಗ ನೆನಪಾದದ್ದು ಭಾವನ ಮಾತು. ವಜ್ರದ ಅಂಚಿನ ಮೇಲೆ ಲೇಸರಿನಿಂದ ನಂಬರು ಕೆತ್ತಿದ್ದಾರೆ, ಬರಿಗಣ್ಣಿಗೆ ಕಾಣಿಸುವುದಿಲ್ಲ ಎಂದು ಅವರು ಹೇಳಿದ್ದರು. ಅಕ್ಕನ ಉಂಗುರದ ಜೊತೆ ಅಂಗಡಿಯಲ್ಲಿ ಕೊಟ್ಟಿದ್ದ, ಅದೇ ನಂಬರಿದ್ದ ಕಾರ್ಡಿನ ಫೋಟೊ ಅವಳ ಮೊಬೈಲಿನಲ್ಲಿ ಇತ್ತು.

ವಿರಾಜಪೇಟೆಗೆ ಬಾ ಎಂದೆ. ದಾರಿಯಲ್ಲಿ ಆನೆ ಅಡ್ಡ ನಿಂತು ಅವಳ ಬಸ್ಸು ತಡವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಕೂರಲಾರದೆ ಅತ್ತಿಂದಿತ್ತ ಓಡಾಡಿದೆ.

ನಮಗೆ ಪರಿಚಯವಿದ್ದ ಚಿನ್ನದಂಗಡಿಯವರು ಎರಡೂ ಉಂಗುರಗಳನ್ನು ಸೋಪುನೀರಿನಲ್ಲಿ ಉಜ್ಜಿ ತೊಳೆದರು. ಕಪ್ಪು ಚೌಕಟ್ಟಿನ ಪುಟ್ಟ ಭೂತಗನ್ನಡಿಯೊಂದನ್ನು ನನ್ನ ಕೈಗಿಟ್ಟರು. ಅದಕ್ಕೆ ಲೂಪ್ ಅನ್ನುತ್ತಾರಂತೆ.

"ನಾನು ಓದಿ ಹೇಳಿದ್ರೆ ಇವರಿಗೆ ಸಮಾಧಾನ ಆಗಲ್ಲ ಮೇಡಂ. ನೀವೇ ನೋಡಿ. ಲೂಪ್ ಕಣ್ಣಿಗೆ ಒತ್ತಿ ಹಿಡೀರಿ, ಉಂಗುರಾನ ಹತ್ತಿರ ತನ್ನಿ. ಮೇಲಿಂದ ಅಲ್ಲ, ಪಕ್ಕದಿಂದ."

ಮೊದಲು ಅಕ್ಕ ತೊಟ್ಟು ಬಂದಿದ್ದ ಉಂಗುರ. ಬರೀ ಬೆಳಕು ಚೆಲ್ಲಾಡಿತು. ತುಸು ಅಲುಗಿದರೂ ಎಲ್ಲವೂ ಮಸುಕು. ಮೊಣಕೈ ಗಾಜಿನ ಮೇಜಿಗೆ ಊರಿದೆ, ಉಸಿರು ಹಿಡಿದೆ, ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸಿದೆ. ಹರಳಿನ ನಡುಸುತ್ತಿನ ತೆಳ್ಳನೆಯ ಅಂಚಿನಲ್ಲಿ, ಮಂಜುಗಟ್ಟಿದ ಗಾಜಿನ ಮೇಲೆ ಗೀಚಿದಂತೆ, ಬೂದುಬಣ್ಣದ ಅಂಕಿಗಳು ಎದ್ದುಬಂದವು. ಕಾರ್ಡಿನ ನಂಬರಿಗೆ ಹೊಂದಲಿಲ್ಲ.

ಆಮೇಲೆ ನನ್ನ ಬೆರಳಿನಲ್ಲಿದ್ದದ್ದು. ಕೊನೆಯ ಅಂಕಿಗಳು ಹರಳು ಹಿಡಿದ ಚಿನ್ನದ ಕೊಕ್ಕೆಯಡಿ ಅಡಗಿದ್ದವು. ಕಂಡಷ್ಟನ್ನು ಗಟ್ಟಿಯಾಗಿ ಓದುತ್ತ ಹೋದೆ. ಮೊಬೈಲು ಹಿಡಿದಿದ್ದ ಅಕ್ಕ ಒಂದೊಂದಕ್ಕೂ "ಹೂಂ" ಅನ್ನುತ್ತ ಬಂದಳು. ಕಂಡ ಅಂಕಿಗಳೆಲ್ಲ ಕಾರ್ಡಿಗೆ ಹೊಂದಿದವು.

ಬಟ್ಟಲಿನಿಂದ ಅವಳು ಮೊದಲು ಎತ್ತಿಕೊಂಡದ್ದು ಅವಳದ್ದೇ. ಅದಲುಬದಲು ಮಾಡಿದ್ದು ನಾವೇ, ಆಮೇಲೆ.

"ಇದು ನಿಂದೇ ಅಕ್ಕ," ಎಂದು ತೊಡಿಸಿದೆ. ಉಂಗುರ ಸಡಿಲವಾಗಿ ಗೆಣ್ಣಿನ ತನಕ ಜಾರಿತು. ಆ ವರ್ಷದಲ್ಲಿ ಅವಳು ಎಷ್ಟು ಸೊರಗಿದ್ದಾಳೆಂದು ನಾನು ಸರಿಯಾಗಿ ನೋಡಿದ್ದು ಆಗಲೇ.

"ಹಂಗಾದ್ರೆ ನಂದು ಅಂತ ಯಾಕೆ ಅನ್ಸಲ್ಲ?"

ಅಂಗಡಿಯವರು ಮುಖ ತಗ್ಗಿಸಿದರು. ಅಕ್ಕ ಲೂಪ್ ಕಸಿದುಕೊಂಡು ತಾನೇ ನೋಡಿದಳು, ಬಹಳ ಹೊತ್ತು. ಕಣ್ಣಲ್ಲಿ ನೀರು ತುಂಬಿ ಅಂಕಿ ಕಾಣದಾದಾಗ ಒರೆಸಿಕೊಂಡು ಮತ್ತೆ ನೋಡಿದಳು.

"ನಂಬರ್ ಇದೆ ಅಂತ ನಿನ್ ಭಾವ ಅಂದಾಗ, ಅಂಗಡಿಯವ್ರು ಹೇಳಿದ್ದೆಲ್ಲ ನಂಬ್ತೀರಲ್ಲ ಅಂತ ಬೈದಿದ್ದೆ ಅವ್ರನ್ನ," ಎಂದಳು.

ಉಂಗುರವನ್ನು ಬೆರಳಿಗೆ ಸರಿಯಾಗಿ ಸಣ್ಣ ಮಾಡಿಕೊಡುತ್ತೇನೆ ಎಂದರು ಅಂಗಡಿಯವರು. ಅಕ್ಕ ಒಪ್ಪಲಿಲ್ಲ. ಮೊದಲು ಉಣ್ಣೋದು ಕಲೀತೀನಿ, ಆಮೇಲೆ ನೋಡೋಣ ಎಂದು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡಳು.

ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗಲಿಲ್ಲ. ಮನೆಗೆ ಫೋನು ಮಾಡಿ ಹೇಳಿ, ನಾನೂ ಅವಳ ಜೊತೆ ಕುಶಾಲನಗರದ ಬಸ್ಸು ಹತ್ತಿದೆ. ಸಿದ್ದಾಪುರ ದಾಟುವವರೆಗೂ ಅವಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಆಮೇಲೆ ಭಾವನ ಆಸ್ಪತ್ರೆಯ ದಿನಗಳ ಬಗ್ಗೆ, ಅದುವರೆಗೆ ಯಾರ ಹತ್ತಿರವೂ ಬಾಯಿಬಿಡದಿದ್ದುದನ್ನು, ಒಂದೊಂದಾಗಿ ಹೇಳತೊಡಗಿದಳು. ನಮ್ಮ ಸ್ಟಾಪು ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.