ಹದ್ದುಗಳು ಹೋದ ದಿನ

ಹೋದ ವಾರ ಮಗಳು ಉಣ್ಣೆಯ ಶಾಲಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಳು. ಸುಟ್ಟ ಉಣ್ಣೆಯ ಕಮಟು ಮನೆ ತುಂಬಿತು. ಅವಳು ಕಿಟಕಿ ತೆರೆಯುತ್ತ ನಗುತ್ತಿದ್ದಳು. ನಾನು ಗೋಡೆ ಹಿಡಿದು ಕೂತುಬಿಟ್ಟೆ. ಆ ವಾಸನೆಯ ಹಿಂದೆಯೇ ಒಣಹುಲ್ಲು, ಹೊಗೆ, ಕಾವಲು ತಾತನ ಕಂಬಳಿ...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸೈಕಲ್ಲಿನಲ್ಲಿ ಗಂಟೆಯ ದಾರಿ ಹೋದರೆ ಒಂದು ಹುಲ್ಲುಗಾವಲು. ಅದನ್ನು ಕಾಯುತ್ತಿದ್ದವನೇ ತಾತ. ಪ್ರತಿ ಚಳಿಗಾಲ ಉತ್ತರದಿಂದ ಅಲ್ಲಿಗೆ ಹದ್ದುಗಳು ಬರುತ್ತಿದ್ದವು. ಪುಸ್ತಕದಲ್ಲಿ ಅವಕ್ಕೆ ಸೆಳೆವ ಎಂದು ಹೆಸರು. ಮೊಳಕಾಲ್ಮೂರು ಕಡೆಯ ತಾತ ತೆಲುಗಿನಲ್ಲಿ ಬರೀ ಗದ್ದ ಎನ್ನುತ್ತಿದ್ದ. ಹಗಲೆಲ್ಲ ಎಲ್ಲೆಲ್ಲೋ ಹಾರಾಡಿ, ಹೊತ್ತು ಮುಳುಗುವಾಗ ಬಂದು ಹುಲ್ಲಿನೊಳಗೆ ನೆಲದ ಮೇಲೇ ಮಲಗುತ್ತಿದ್ದವು.

ತಾತನಿಗೆ ಓದು ಬರುತ್ತಿರಲಿಲ್ಲ. ಮೊದಲ ಗದ್ದ ಕಂಡ ದಿನ ಗುಡಿಸಲಿನ ಸುಣ್ಣದ ಗೋಡೆಗೆ ಇದ್ದಿಲಿನಿಂದ ಹಕ್ಕಿಯ ಪಾದ ಬರೆಯುತ್ತಿದ್ದ. ಬಂದಾಗ ಬೆರಳುಗಳು ಒಳಮುಖ, ಹೋದಾಗ ಬಾಗಿಲ ಕಡೆಗೆ. ಪಕ್ಕದಲ್ಲಿ ತಾರೀಖು ಹಾಕಿ ನೋಟ್‌ಬುಕ್ಕಿಗೂ ಇಳಿಸಿಕೊಳ್ಳುವುದು ನನ್ನ ಕೆಲಸ.

ಬೇಸಿಗೆಯ ಬೆಂಕಿ ಇಡೀ ಹುಲ್ಲುಗಾವಲಿಗೆ ಹಬ್ಬದಿರಲೆಂದು ಅಂಚಿನ ಹುಲ್ಲನ್ನು ಮೊದಲೇ ಪಟ್ಟಿಯಾಗಿ ಸುಡುವುದು ವಾಡಿಕೆ. ಹೋಗುವ ಪಾದ ಬರೆಯದೆ ತಾತ ಕಡ್ಡಿ ಗೀರುತ್ತಿರಲಿಲ್ಲ. ಯುಗಾದಿ ಹತ್ತಿರವಾದಂತೆ ಕುರಿಯವರು ಚುಡಾಯಿಸುತ್ತಿದ್ದರು: “ಏನ್ ತಾತ, ನಿನ್ ಗದ್ದಕ್ಕೆ ಇನ್ನಾ ಬಸ್ ಸಿಕ್ಕಿಲ್ವಾ?”

“ಸೀಟ್ ಸಿಗ್ಲಿ ಅಂತ ಕಾಯ್ತಾವೆ ಕಣ್ರಲೇ.”

ಆ ವರ್ಷ ತಾತನ ಕಣ್ಣಿಗೆ ಪೊರೆ ಬಂದಿತ್ತು. ದಕ್ಷಿಣದಿಂದ ಮರಳುವ ಗುಂಪು ಇನ್ನೂ ಇಳಿದೀತು, ಮೂರು ಸಂಜೆ ಬಂಡೆಯ ಮೇಲೆ ಕೂತು ನೋಡಿ ಹೇಳು ಎಂದ. ಎರಡು ಸಂಜೆ ಕೂತೆ, ಒಂದೂ ಕಾಣಲಿಲ್ಲ. ಮೂರನೆಯ ದಿನ ಗೆಳೆಯರೊಡನೆ ಸಿನಿಮಾಕ್ಕೆ ಹೋಗುವುದಿತ್ತು. ಬಿಸಿಲಿರುವಾಗಲೇ ಬಂಡೆ ಇಳಿದು ಊರ ದಾರಿ ಹಿಡಿದೆ. ಮಾರನೆಯ ಮಧ್ಯಾಹ್ನ ತಾತ ಕೇಳಿದ.

“ಹೊತ್ತು ಮುಳುಗೋಗಂಟ ಇದ್ದೇನಪ್ಪಾ?”

“ಇದ್ದೆ ತಾತ. ಒಂದೂ ಬರ್ಲಿಲ್ಲ.”

ತಾತ ಗೋಡೆ ತಡವಿ ಪಾದ ಬರೆದ. ನಾನು ತಾರೀಖು ಹಾಕಿದೆ.

ಅಂದು ಸಂಜೆಯೇ, ಗಾಳಿ ನಿಂತದ್ದು ನೋಡಿ, ಬೆಂಕಿ ಇಟ್ಟ. ಪಟ್ಟಿ ಅರ್ಧ ಉರಿದಿರಬೇಕು... ಆಕಾಶದಲ್ಲಿ ಒಂದು ಕಂಡಿತು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ರೆಕ್ಕೆ ಅಲ್ಲಾಡಿಸದೆ ತೇಲಿ ಬಂದು, ಬೆಂಕಿಯಾಚೆಯ ಹುಲ್ಲಿಗೆ ಇಳಿಯತೊಡಗಿದವು.

“ತಾತ, ನಿನ್ ಗದ್ದ ಬಂದ್ವಲ್ಲೋ” ಎಂದ ಕುರಿಯವನೊಬ್ಬ. ಈ ಸಲ ಯಾರೂ ನಗಲಿಲ್ಲ.

ಆಗಲೇ ಗಾಳಿ ಎದ್ದು ಬೆಂಕಿ ಪಟ್ಟಿ ದಾಟಿತು. ತಾತ ಒಮ್ಮೆ ನನ್ನ ಕಡೆ ತಿರುಗಿದ. ಆ ಕಣ್ಣಿಗೆ ನಾನು ಕಂಡೆನೋ ಇಲ್ಲವೋ. ಹೆಗಲ ಕಂಬಳಿ ಎಳೆದುಕೊಂಡು ಬೆಂಕಿಗೂ ಹಕ್ಕಿಗಳಿಗೂ ನಡುವೆ ನುಗ್ಗಿದ. ಕಂಬಳಿ ಬಡಿಯುವ ಸದ್ದು, ಹಕ್ಕಿ ಎಬ್ಬಿಸುವ ಕೂಗು, ಆಮೇಲೆ ಬರೀ ಹೊಗೆ... ಬೆಂಕಿ ಬಡಿಯಲೆಂದು ನನ್ನ ಕೈಗೂ ಒಂದು ಹಸಿ ಕೊಂಬೆ ಕೊಟ್ಟಿದ್ದರು. ನನ್ನ ಕಾಲು ಏಳಲಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಕೊಂಬೆ ಕೈಯಲ್ಲೇ ಇರುತ್ತದೆ.

ಕುರಿಯವರು ಅವನನ್ನು ಎಳೆದು ತಂದರು. ಎರಡೂ ಪಾದ ಬೆಂದಿದ್ದವು. ಆಸ್ಪತ್ರೆಗೆ ಸಾಗಿಸುವಾಗ ಟ್ರ್ಯಾಕ್ಟರಿನಲ್ಲಿ ಒಂದೇ ಮಾತು ಕೇಳಿದ.

“ಎಲ್ಲಾ ಎದ್ವೇನಪ್ಪಾ?”

“ಎಲ್ಲಾ ಎದ್ವು ತಾತ” ಎಂದೆ. ನಾನು ನೋಡಿರಲಿಲ್ಲ.

ಅವನು ಕಾವಲಿಗೆ ಮರಳಲಿಲ್ಲ. ಮೊಳಕಾಲ್ಮೂರಿನ ಹತ್ತಿರ ಮಗಳ ಮನೆ ಸೇರಿದ. ನೋಡಿ ಬರೋಣವೆಂದು ಒಮ್ಮೆ ಬಸ್ ಹತ್ತಿದೆ. ಅರ್ಧ ದಾರಿಯ ತಳಕಿನಲ್ಲೇ ಇಳಿದು ಹಿಂದಕ್ಕೆ ಬಂದೆ. ಅವನು ತೀರಿಕೊಂಡದ್ದು ನನಗೆ ತಿಳಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಮಗಳು ಶಾಲನ್ನು ಹೊರಗೆ ಎಸೆದು ಬಂದಳು. ನಾನು ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಆ ವರ್ಷದ ‘ಹೋದ ದಿನ’ದ ಮುಂದೆ ನನ್ನ ಅಕ್ಷರ ದುಂಡಗೆ ಕೂತಿದೆ. ಹೊಡೆದುಹಾಕಿ ಸರಿಯಾದ ತಾರೀಖು ಬರೆಯೋಣವೆಂದು ಪೆನ್ನು ಹಿಡಿದೆ. ಯಾವತ್ತು ಹೋದವೋ ನನಗೆ ಗೊತ್ತಿಲ್ಲ. ಎಷ್ಟು ಹೋದವೋ, ಅದೂ... ಕೇಳೋಣವೆಂದರೆ ತಾತನಿಲ್ಲ.