ನಡುವಿನ ದನಿಯವನ ಗೋಳು

ನಾನು ಹಾಡುವುದು ಯಾರಿಗೂ ಕೇಳಿಸುವುದಿಲ್ಲ. ಗಂಟಲು ಕೆಟ್ಟಿದೆಯೆಂದಲ್ಲ, ನನ್ನ ಕೆಲಸವೇ ಅಂಥದ್ದು. ನಮ್ಮ ಬ್ಯಾಂಡಿನಲ್ಲಿ ಅಕ್ಕನದು ಮೇಲಿನ ದನಿ, ಅಣ್ಣನದು ಕೆಳಗಿನದು, ನಡುವಿನ ಸಂದಿ ತುಂಬುವವನು ನಾನು. ಹಾಡುವುದು ರಾಗಿ ಬೀಸುವ ಪದ, ಹಿಂದೆ ಗಿಟಾರು, ಡ್ರಮ್ಮು. ಮೂವರಲ್ಲಿ ಒಬ್ಬರೂ ಬೀಸುವ ಕಲ್ಲು ಮುಟ್ಟಿದವರಲ್ಲ, ಅದು ಬೇರೆ ಮಾತು.

ಸಿಂಗಸಂದ್ರದಲ್ಲಿ ಅಪ್ಪ ಬಾಡಿಗೆಗೆಂದು ಕಟ್ಟಿಸಿದ ಮನೆಯ ತಾರಸಿಯಲ್ಲಿ, ಬಾಡಿಗೆದಾರರು ಒಣಹಾಕಿದ ಬಟ್ಟೆಗಳ ನಡುವೆ ನಮ್ಮ ಅಭ್ಯಾಸ. ಬಟ್ಟೆ ತೆಗೆಯಲು ಬಂದವರು, "ನಿಮ್ಮಕ್ಕ ಸಕ್ಕತ್ತಾಗಿ ಹಾಡ್ತಾರೆ ಸಾರ್, ನಿಮ್ಮಣ್ಣಾನೂ ಅಷ್ಟೇ. ನೀವೇನ್ ಬಾರಿಸ್ತೀರಾ?" ಎನ್ನುತ್ತಾರೆ. ಆರು ವರ್ಷದಿಂದ ಇದೇ. ಅಮ್ಮನೂ ಒಮ್ಮೆ ಮೊಬೈಲಿನಲ್ಲಿ ನಮ್ಮ ಹಾಡು ಕೇಳಿ, "ಇದ್ರಲ್ಲಿ ನೀನೆಲ್ಲೋ ಇದ್ದೀಯಾ?" ಅಂದಳು. ಹೆತ್ತ ತಾಯಿ! ನಗಬೇಡಿ. ಸಂಗೀತಶಾಸ್ತ್ರದವರು ಸ್ವರಕ್ಕೊಂದರಂತೆ ನವಿಲು, ಆಡು, ಆನೆ ಎಂದು ಹಂಚಿಕೊಟ್ಟಿದ್ದಾರೆ. ನಡುವಿನ ದನಿಗೆ ಒಂದು ಜಿರಳೆಯನ್ನೂ ಕೊಟ್ಟಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆಯಿತು. ಬ್ಯಾನರಿನಲ್ಲಿ ಅಕ್ಕ, ಅಣ್ಣ ನಗುತ್ತಿದ್ದರು. ನನ್ನ ಮುಖದ ಮೇಲೆ ಕಂಪನಿಯ ಲಾಂಛನ ಬಂದು ಕೂತಿತ್ತು. ಅದನ್ನು ನೋಡಿದವನೇ ನಿರ್ಧರಿಸಿದೆ: ಹಾಡಿನ ನಡುವೆ ಬಾಯಿ ಮುಚ್ಚಿಬಿಡುವುದು. ಯಾರಿಗೂ ಗೊತ್ತಾಗದಿದ್ದರೆ ಇವತ್ತಿಗೇ ಬ್ಯಾಂಡಿಗೆ ಕೈಮುಗಿಯುವುದು.

ಮುಚ್ಚಿದೆ. ಸಭಿಕರು ಚಪ್ಪಾಳೆ ಹಾಕುತ್ತಲೇ ಇದ್ದರು. ಮುಂದಿನ ಸಾಲಿನ ಮೇಡಂ ಒಬ್ಬರಂತೂ ಮೊದಲಿಗಿಂತ ಜೋರಾಗಿ ತಲೆದೂಗಿದರು. ಹೊಟ್ಟೆ ಉರಿದುಹೋಯಿತು.

ಎರಡು ಸಾಲು ಕಳೆಯುವಷ್ಟರಲ್ಲಿ ಅಕ್ಕನ ದನಿ ಜಾರಿತು. ಅವಳನ್ನು ಹಿಡಿಯಲು ಹೋಗಿ ಅಣ್ಣನೂ ಜಾರಿದ. ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ಅಕ್ಕ ಮೈಕಿಗೆ ಕೈ ಅಡ್ಡ ಹಿಡಿದು, "ಏನಾಯ್ತೋ, ಉಷಾರಿಲ್ವಾ?" ಎಂದಳು. ಮುಖದಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು. ನನಗೆ ನಾಚಿಕೆಯಾಗಿ ಮತ್ತೆ ಹಾಡತೊಡಗಿದೆ.

ಮುಗಿದ ಮೇಲೆ ಆ ಮೇಡಂ ಬಂದು ಅಕ್ಕ, ಅಣ್ಣನ ಕೈ ಕುಲುಕಿ, ನನ್ನ ಕೈಗೆ ಖಾಲಿ ನೀರಿನ ಬಾಟಲಿ ಕೊಟ್ಟು ಹೋದರು. ಮನೆಗೆ ಬರುವಾಗ ಕಾರಿನಲ್ಲಿ, ಬೇಕೆಂದೇ ಬಾಯಿ ಮುಚ್ಚಿದ್ದೆನೆಂದು ಒಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅಣ್ಣ, "ನೀನ್ ನಿಲ್ಲಿಸ್ಬಿಟ್ರೆ ನಾನೆಲ್ಲಿದೀನಿ ಅಂತಾನೇ ಗೊತ್ತಾಗಲ್ಲ ಕಣೋ" ಎಂದ.

ಆರು ವರ್ಷದಲ್ಲಿ ಇದೊಂದು ಮಾತನ್ನು ಒಮ್ಮೆಯಾದರೂ ಹೇಳಬಾರದಿತ್ತೇ! ನನಗೆ ಮತ್ತೆ ರೇಗಿತು. ರೇಗಿಕೊಂಡೇ ಮರುದಿನ ಅವರಿಬ್ಬರಿಗಿಂತ ಮೊದಲು ತಾರಸಿ ಹತ್ತಿ, ನಡುವಿನ ಜಾಗದಲ್ಲಿ ನಿಂತುಕೊಂಡೆ.