ಉಕ್ಕಲೊಪ್ಪದ ಹಾಲು

ನಮ್ಮ ಅಡುಗೆಮನೆಯ ಒಲೆಗೆ ನನಗಿಂತ ಹೆಚ್ಚಿನ ವಿವೇಕವಿದೆ ಎಂಬ ಸತ್ಯ ನನಗೆ ಮನವರಿಕೆಯಾದದ್ದು ಗೃಹಪ್ರವೇಶದ ದಿನ. ಆಲೂಗಡ್ಡೆಯ ರೋಗಗಳನ್ನು ಸಂಶೋಧಿಸುವ ಘನಕಾರ್ಯಕ್ಕೆಂದು ಜಪಾನಿನ ಉತ್ತರದ ದ್ವೀಪ ಹೊಕ್ಕೈಡೋದ ಈ ವಿಶಾಲ ಬಯಲಿಗೆ ಬಂದ ನಾನು ಪುಟ್ಟದೊಂದು ಬಾಡಿಗೆ ಮನೆ ಹಿಡಿದಿದ್ದೆ. ಹೆಂಡತಿ ಸುಮಾ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಭಕ್ತಿಯಿಂದ ಹಾಲಿಟ್ಟು ನಿಂತರೆ, ಅದು ಅಂಚಿಗೆ ಬಂದು ಇನ್ನೇನು ಉಕ್ಕಬೇಕು ಎನ್ನುವಷ್ಟರಲ್ಲಿ ವಿದ್ಯುತ್ ಒಲೆ ಟುಣ್ ಎಂದು ತಾನೇ ಆರಿಹೋಯಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ಅಪಘಾತ ತಡೆಯಲೆಂದೇ ಹುಟ್ಟಿದ ಯಂತ್ರಕ್ಕೆ ಮಂಗಳ ಯಾವುದು, ಅಪಘಾತ ಯಾವುದು ಎಂದು ತಿಳಿಹೇಳುವವರು ಯಾರು ಹೇಳಿ? ನಾನು ನಕ್ಕೆ; ಸುಮಾ ನಗಲಿಲ್ಲ.

"ಹಾಲೇ ಉಕ್ಕದ ಮನೇಲಿ ನಾನಿರಲ್ಲ. ಸ್ನೋ ಬೀಳೋಕೆ ಮುಂಚೆ ಅನೂನ ಕರ್ಕೊಂಡು ಮೈಸೂರಿಗೆ ಹೋಗ್ಬಿಡ್ತೀನಿ," ಎಂದಳು.

ಹಾಲು ಬರೀ ನೆಪವೆಂದು ನನಗೆ ಗೊತ್ತಿತ್ತು. ಮಾತಿಗೆ ಜನವಿಲ್ಲದ, ಕಿಟಕಿಯಾಚೆ ದಿಗಂತದ ಹೊರತು ಬೇರೇನೂ ಕಾಣದ ಊರಿನಲ್ಲಿ ಅವಳಿಗೆ ಹೆದರಿಕೆಯಾಗಿತ್ತು. ಅವಳೂ ಮಗಳು ಅನುವೂ ಹೊರಟುಹೋದರೆ ಎಂದು ನೆನೆದು ನನಗೂ ಹೆದರಿಕೆಯಾಯಿತು.

ಮನಸ್ಸು ಬೇರೆಡೆ ತಿರುಗಲೆಂದು ಒಂದು ಭಾನುವಾರ, ಊರಂಚಿನಲ್ಲಿ ಕಾಪಿಟ್ಟಿರುವ ವಲಸಿಗರ ಗುಡಿಸಲಿಗೆ ಹೋದೆವು. ಕಾಡು ಕಡಿದು ಈ ಬಯಲನ್ನು ಹೊಲ ಮಾಡಿದವರ ಮೊದಲ ಮನೆ ಅದು. ಗೋಡೆಗಳೇ ಇಲ್ಲ, ಹುಲ್ಲಿನ ಎರಡು ಮಾಡುಗಳು ನೆಲದಿಂದಲೇ ಎದ್ದು ನೆತ್ತಿಯಲ್ಲಿ ಕೂಡಿ, ಮುಗಿದ ಕೈಗಳಂತೆ ನಿಂತಿವೆ. ಬಾಗಿಲಿಗೆ ಚಾಪೆ, ನಡುವೆ ಬೆಂಕಿಗುಂಡಿ. ಹುಲ್ಲಿಗೆ ಹುಳ ಹಿಡಿಯದಿರಲೆಂದು ಅಲ್ಲಿ ದಿನವೂ ಬೆಂಕಿ ಹಾಕುವ ವೃದ್ಧೆ ತನಾಕಾ-ಸಾನ್. ಅವರ ಅಜ್ಜಿ ಬಾಳಿದ್ದೂ ಇಂಥ ಗುಡಿಸಲಿನಲ್ಲೇ; ಬೆಳಗ್ಗೆ ಏಳುವಾಗ ಹೊದಿಕೆಯ ಮೇಲೆ ಹಿಮ ಬಿದ್ದಿರುತ್ತಿತ್ತಂತೆ. ಇದನ್ನೆಲ್ಲ ನಮಗೆ ತಿಳಿಸಿದ ದುಭಾಷಿ, ಜಪಾನಿ ಶಾಲೆಗೆ ಹೋಗುವ ನಮ್ಮ ಅನು.

ಸುಮಾ ಬೆಂಕಿಯನ್ನೇ ನೋಡುತ್ತಿದ್ದಳು. "ಅನು, ಇಲ್ಲಿ ಹಾಲು ಉಕ್ಕಿಸ್ಬಹುದಾ ಅಂತ ಕೇಳೇ."

"ಅಮ್ಮಾ, ಸೋ ಎಂಬರಾಸಿಂಗ್!" ಎನ್ನುತ್ತಲೇ ಅನು ಕೇಳಿದಳು. ತನಾಕಾ-ಸಾನ್ ತಲೆಯಾಡಿಸಿ ಪಾತ್ರೆ ಕೊಟ್ಟರು; ನಾನು ಹಗಲಿರುಳೂ ತೆರೆದಿರುವ ‘ಕೊಂಬಿನಿ’ ಅಂಗಡಿಗೆ ಓಡಿ ಹಾಲು ತಂದೆ. ಬಾಡಿಗೆ ತೆರುವ ಮನೆಯಲ್ಲಿ ಆಗದ ಗೃಹಪ್ರವೇಶವನ್ನು ಯಾರದೋ ಅಜ್ಜಿಯ ಗುಡಿಸಲಿನಲ್ಲಿ ನೆರವೇರಿಸುವ ಯಜಮಾನನ ಗಾಂಭೀರ್ಯದಿಂದ ಹೊಗೆಗೆ ಕೆಮ್ಮುತ್ತ ಕುಳಿತೆ.

ಹಾಲು ಏರಿತು. ಅಂಚು ಮುಟ್ಟಿದ್ದೇ ತಡ, ತನಾಕಾ-ಸಾನ್ ಅವರ ಕೈ ಪಾತ್ರೆ ಎತ್ತಲು ಚಾಚಿತು. ಒಂದು ಹನಿಯನ್ನೂ ಹಾಳುಮಾಡದೆ ಬದುಕಿದ ಮನೆತನದ ಕೈ ಅದು. ಅನು ಏನೋ ಪಿಸುಗುಟ್ಟಿದಳು. ತನಾಕಾ-ಸಾನ್ ಚಾಚಿದ ಕೈಯನ್ನು ಹಿಂತೆಗೆದು, ಮತ್ತೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡು, ಹಾಲು ಉಕ್ಕಿ ಬೂದಿಗೆ ಸುರಿಯುವುದನ್ನು ನೋಡಿದರು. ಆಮೇಲೆ ಮೆಲ್ಲಗೆ ಒಂದು ಮಾತು ಹೇಳಿದರು.

"ಅವ್ರ ಅಜ್ಜಿ ಹತ್ರ ಚೆಲ್ಲೋಕೆ ಮಿಲ್ಕೇ ಇರ್ಲಿಲ್ವಂತೆ," ಎಂದಳು ಅನು. "ಸೋ, ಇದು ಅಜ್ಜಿಗೂ ಸೇರಿ, ಅಂತೆ."

ಸುಮಾ ಅತ್ತಳು. ಉಳಿದ ಹಾಲನ್ನು ನಾಲ್ವರೂ ಕುಡಿದೆವು.

ಹಿಂದಿರುಗುವಾಗ ಸುಮಾ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ ಒಂದು ಅಂಗಡಿ ಹೊಕ್ಕು, ಹಿಮ ಬಾಚುವ ಸಲಿಕೆಗಳನ್ನು ಹೊತ್ತು ತಂದಳು: ನನಗೊಂದು, ತನಗೊಂದು, ಅನುವಿಗೆ ಕೆಂಪು ಬಣ್ಣದ ಚಿಕ್ಕದೊಂದು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

"ಏನು ನೋಡ್ತೀರ? ನೀವೊಬ್ರೇ ಎಷ್ಟೂಂತ ಬಾಚ್ತೀರ?" ಎಂದಳು.